ಹೇಡಿ ಅಂದವರು, ರೋಗಿ ಅಂದವರು

1916ರ ಅಕ್ಟೋಬರ್ 18. ಫ್ರಾನ್ಸಿನ ಯುದ್ಧಭೂಮಿಯಲ್ಲಿ ಬೆಳಗಿನ ಜಾವ ಹ್ಯಾರಿ ಫಾರ್ ಎಂಬ ಬ್ರಿಟಿಷ್ ಸಿಪಾಯಿಯನ್ನು ನಿಲ್ಲಿಸಿ ಗುಂಡಿಟ್ಟು ಕೊಂದರು. ಕೊಂದವರು ಜರ್ಮನ್ನರಲ್ಲ, ಅವನದೇ ಸೈನ್ಯದವರು. ವಯಸ್ಸು 25. ಊರಿನಲ್ಲಿ ಹೆಂಡತಿ, ಒಂದು ಪುಟ್ಟ ಹೆಣ್ಣು ಮಗು. ಅಪರಾಧ ಏನು ಅಂದರೆ ಹೇಡಿತನ. ಮುಂಚೂಣಿಗೆ ಹೋಗು ಅಂದಾಗ ನನ್ನಿಂದ ಆಗುವುದಿಲ್ಲ ಅಂದಿದ್ದ, ಅಷ್ಟೇ.

ಇದೇ ಫಾರ್ ಹಿಂದಿನ ವರ್ಷ ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಕಾಯಿಲೆ ಶೆಲ್ ಶಾಕ್. ಕೈ ಎಷ್ಟು ನಡುಗುತ್ತಿತ್ತೆಂದರೆ ಹೆಂಡತಿಗೆ ಬರೆಯಬೇಕಾದ ಪತ್ರವನ್ನು ನರ್ಸ್ ಬರೆದುಕೊಡಬೇಕಾಗಿತ್ತು. ವಾಸಿಯಾಯಿತು ಅಂತ ಮತ್ತೆ ಯುದ್ಧಕ್ಕೆ ಕಳಿಸಿದರು. ಅವನ ಸೇನಾ ನ್ಯಾಯಾಲಯದಲ್ಲಿ ಅವನ ಪರ ಮಾತಾಡಲು ಒಬ್ಬ ವಕೀಲನೂ ಇರಲಿಲ್ಲ. ಅವನು ಸತ್ತ ಮೇಲೆ ಹೆಂಡತಿಗೆ ಬರುತ್ತಿದ್ದ ಹಣ ನಿಂತಿತು. ಅವಮಾನಕ್ಕೆ ಹೆದರಿ ಆಕೆ ದಶಕಗಳ ಕಾಲ ಈ ವಿಷಯ ಬಾಯಿ ಬಿಡಲಿಲ್ಲ, ಹೆತ್ತ ಮಗಳಿಗೂ ಹೇಳಲಿಲ್ಲ!

2006ರಲ್ಲಿ ಬ್ರಿಟಿಷ್ ಸರ್ಕಾರ ಹೀಗೆ ಗುಂಡಿಗೆ ಬಲಿಯಾದ 306 ಸಿಪಾಯಿಗಳಿಗೆ ಕ್ಷಮಾದಾನ ಕೊಟ್ಟಿತು. ಫಾರ್ ಮಗಳು ಆಗ ತೊಂಬತ್ತು ದಾಟಿದ ಮುದುಕಿ. ಅಪ್ಪನ ಹೆಸರಿಗಾಗಿ ವರ್ಷಗಟ್ಟಲೆ ಹೋರಾಡಿದ್ದರು.

ಸತ್ತು ತೊಂಬತ್ತು ವರ್ಷ ಆದವನನ್ನು ಕ್ಷಮಿಸಿ ಏನು ಬಂತು ಅಂತ ಕೇಳಬಹುದು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆ ತೊಂಬತ್ತು ವರ್ಷಗಳಲ್ಲಿ ಮನುಷ್ಯನ ಮನಸ್ಸೇನೂ ಬದಲಾಗಲಿಲ್ಲ. ನಡುಗುವ ಕೈ ಹಾಗೇ ನಡುಗುತ್ತದೆ. ಬದಲಾದದ್ದು ಆ ನಡುಕಕ್ಕೆ ನಾವಿಟ್ಟ ಹೆಸರು. ಹೇಡಿ ಅನ್ನುವ ಜಾಗದಲ್ಲಿ ರೋಗಿ ಅನ್ನುವ ಮಾತು ಬರಲು ಎಷ್ಟು ಕಾಲ ಹಿಡಿಯಿತು, ಯಾರು ಯಾರು ಹೆಣಗಿದರು ಅನ್ನುವುದೇ ಈ ಬರಹದ ವಿಷಯ. ಸ್ವಲ್ಪ ಉದ್ದವಿದೆ, ಪುರುಸೊತ್ತು ಮಾಡಿಕೊಂಡು ಓದಿ.

*

ಈ ಕಾಯಿಲೆಗೆ ಇವತ್ತು ವೈದ್ಯರು ಇಟ್ಟಿರುವ ಹೆಸರು ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್, ಚಿಕ್ಕದಾಗಿ ಪಿಟಿಎಸ್‌ಡಿ. ಕನ್ನಡದಲ್ಲಿ ಆಘಾತದ ನಂತರದ ಒತ್ತಡದ ಕಾಯಿಲೆ ಅನ್ನಬಹುದು. ಹೆಸರು 1980ರದು, ಕಾಯಿಲೆ ಬಹಳ ಹಳೆಯದು. ಇನ್ನೊಂದು ಮಾತು, ಇದು ಬರೀ ಸೈನಿಕರ ಕಾಯಿಲೆಯೂ ಅಲ್ಲ. ಆಧುನಿಕ ವೈದ್ಯರ ಕಣ್ಣಿಗೆ ಇದು ಮೊದಮೊದಲು ಬಿದ್ದದ್ದೇ ರೈಲಿನಿಂದ!

19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ರೈಲು ಹೊಸದು, ಅಪಘಾತವೂ ಹೊಸದು. ಮೈಮೇಲೆ ಒಂದು ಗೀರೂ ಇಲ್ಲದೆ ಬದುಕಿ ಬಂದವರು ವಾರಗಳ ನಂತರ ನಿದ್ದೆ ಬಾರದೆ, ಬೆಚ್ಚಿ ಬೀಳುತ್ತಾ, ಕೆಲಸ ಮಾಡಲಾಗದೆ ಒದ್ದಾಡುತ್ತಿದ್ದರು. ಜಾನ್ ಎರಿಕ್ ಎರಿಕ್ಸನ್ ಎಂಬ ಸರ್ಜನ್ 1866ರಲ್ಲಿ ಇದರ ಬಗ್ಗೆ ಪುಸ್ತಕ ಬರೆದ. ಜನ ಇದನ್ನು ರೈಲ್ವೆ ಸ್ಪೈನ್ ಅಂದರು. ಬೆನ್ನುಹುರಿಗೆ ಪೆಟ್ಟು ಬಿದ್ದಿರಬೇಕು ಅನ್ನುವುದು ಲೆಕ್ಕ. ರೈಲ್ವೆ ಕಂಪನಿಗಳ ಪರವಾದ ವೈದ್ಯರಿಗೆ ಇದು ಪರಿಹಾರದ ದುಡ್ಡಿಗಾಗಿ ಆಡುವ ನಾಟಕವಾಗಿ ಕಂಡಿತು. ಈ ಜಗಳವನ್ನು ನೆನಪಿಟ್ಟುಕೊಳ್ಳಿ, ಮುಂದೆ ಪ್ರತಿ ಸಲವೂ ಇದೇ ಬರುತ್ತದೆ... ನಿಜವೋ, ನಾಟಕವೋ?

ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕೂಡ ಇದನ್ನು ಅನುಭವಿಸಿದವನೇ. 1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ಅವನಿದ್ದ ರೈಲು ಸೇತುವೆಯ ಮೇಲೆ ಹಳಿ ತಪ್ಪಿತು. ಅವನಿಗೆ ಏನೂ ಆಗಲಿಲ್ಲ. ಗಾಯಗೊಂಡವರ ಆರೈಕೆಗೂ ನಿಂತ. ಆದರೆ ಆಮೇಲೆ ರೈಲು ಹತ್ತಿದರೆ ಇದ್ದಕ್ಕಿದ್ದಂತೆ ಭಯ ಮೆಟ್ಟಿಕೊಂಡು ನಡುಗಿಬಿಡುತ್ತಿದ್ದ. ಡಿಕನ್ಸ್ ತೀರಿಕೊಂಡದ್ದು 1870ರಲ್ಲಿ, ಅದೂ ಸರಿಯಾಗಿ ಜೂನ್ 9ರಂದೇ.

ಅತ್ತ ಅಮೆರಿಕದಲ್ಲಿ ಅಂತರ್ಯುದ್ಧದ ಸೈನಿಕರನ್ನು ನೋಡಿದ ವೈದ್ಯ ಜೇಕಬ್ ಡಾ ಕೋಸ್ಟಾ 1871ರಲ್ಲಿ ಇನ್ನೊಂದು ಹೆಸರು ಕೊಟ್ಟ, ಇರಿಟಬಲ್ ಹಾರ್ಟ್ ಅಂತ. ಎದೆ ಡವಗುಟ್ಟುವುದು, ಉಸಿರು ಕಟ್ಟುವುದು, ಎದೆನೋವು. ಒಬ್ಬರು ಬೆನ್ನು ಅಂದರು, ಇನ್ನೊಬ್ಬರು ಹೃದಯ ಅಂದರು. ಮನಸ್ಸು ಅನ್ನುವ ಮಾತು ಯಾರ ಬಾಯಲ್ಲೂ ಸುಲಭಕ್ಕೆ ಬರಲಿಲ್ಲ. ಮೈಗಾದ ಗಾಯಕ್ಕೆ ಗೌರವವಿದೆ, ಮನಸ್ಸಿಗಾದ ಗಾಯಕ್ಕೆ ಇರಲಿಲ್ಲ.

*

ಮೊದಲ ಮಹಾಯುದ್ಧ ಬಂದಾಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಆಗಲಿಲ್ಲ. ಕಂದಕಗಳಲ್ಲಿ ತಿಂಗಳುಗಟ್ಟಲೆ ಕೂತ ಸಿಪಾಯಿಗಳ ತಲೆಯ ಮೇಲೆ ಹಗಲೂ ರಾತ್ರಿ ಶೆಲ್ ಬೀಳುತ್ತಿತ್ತು. ಓಡುವಂತಿಲ್ಲ, ಹೊಡೆದಾಡುವಂತೆಯೂ ಇಲ್ಲ, ಸುಮ್ಮನೆ ಕಾಯಬೇಕು. ಕೆಲವರಿಗೆ ಮಾತು ನಿಂತಿತು. ಕೆಲವರಿಗೆ ಕಣ್ಣು ಕಾಣದಾಯಿತು, ಕಣ್ಣಿನಲ್ಲಿ ದೋಷವೇ ಇಲ್ಲ. ಕಾಲಿಗೆ ಪೆಟ್ಟಿಲ್ಲ, ನಡೆಯಲಾಗುತ್ತಿಲ್ಲ.

1915ರ ಫೆಬ್ರವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ಇಂಥ ಮೂವರು ಸೈನಿಕರ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಶೆಲ್ ಶಾಕ್ ಎಂಬ ಪದ ವೈದ್ಯರ ಬರಹಕ್ಕೆ ಬಂದದ್ದು ಅಲ್ಲಿಂದ. ಶೆಲ್ ಸಿಡಿದ ರಭಸಕ್ಕೆ ಮಿದುಳಿಗೆ ಏಟಾಗಿದೆ ಅಂತ ಮೊದಲು ನಂಬಿದ್ದರು. ಸ್ವಲ್ಪ ದಿನದಲ್ಲೇ ಒಂದು ವಿಷಯ ಗೊತ್ತಾಯಿತು. ಶೆಲ್ ಹತ್ತಿರವೇ ಸುಳಿಯದವರಿಗೂ ಇದು ಬರುತ್ತಿತ್ತು! ಮೈಯರ್ಸನಿಗೇ ಆ ಹೆಸರು ಬೇಡವಾಯಿತು. ಅಷ್ಟರಲ್ಲಿ ಅದು ಎಲ್ಲರ ಬಾಯಲ್ಲೂ ಕೂತುಬಿಟ್ಟಿತ್ತು.

ಸೈನ್ಯ ಏನು ಮಾಡಿತು ಗೊತ್ತಾ? ಕಾಯಿಲೆಯನ್ನು ಎರಡು ಭಾಗ ಮಾಡಿತು. ಶತ್ರುವಿನ ಶೆಲ್ ಸಿಡಿದು ಬಂದಿದ್ದರೆ ಅದು ಗಾಯ, ಅಂಥವನಿಗೆ ಗೌರವದ ಪಟ್ಟಿಯುಂಟು, ಪಿಂಚಣಿಯುಂಟು. ಸಿಡಿತವಿಲ್ಲದೆ ಕುಸಿದಿದ್ದರೆ ಅದು ಬರೀ ಕಾಯಿಲೆ, ಎರಡೂ ಇಲ್ಲ. 1917ರಲ್ಲಿ ಮುಂಚೂಣಿಯ ವೈದ್ಯರು ಶೆಲ್ ಶಾಕ್ ಅಂತ ಬರೆಯಲೇಬಾರದು ಎಂಬ ಆದೇಶ ಹೊರಟಿತು. ಇನ್ನೂ ಪತ್ತೆಯಾಗದ ನರದ ತೊಂದರೆ ಅಂತ ಬರೆಯಿರಿ, ಸಾಕು. ಪದ ನಿಲ್ಲಿಸಿದರೆ ಕಾಯಿಲೆ ನಿಲ್ಲುತ್ತದೆ ಅಂದುಕೊಂಡರೋ ಏನೋ. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸೈನ್ಯದಲ್ಲೇ ಸುಮಾರು 80,000 ಇಂಥ ರೋಗಿಗಳಿದ್ದರು.

*

ಚಿಕಿತ್ಸೆ ಹೇಗಿತ್ತು? ಇಬ್ಬರು ವೈದ್ಯರ ಕಥೆ ಹೇಳುತ್ತೇನೆ.

ಒಬ್ಬ ಲೂಯಿ ಯೆಲ್ಯಾಂಡ್, ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯವನು. ಮಾತು ನಿಂತ 24 ವರ್ಷದ ಸಿಪಾಯಿಯೊಬ್ಬನನ್ನು ಕೋಣೆಯೊಳಗೆ ಕೂರಿಸಿ ಬಾಗಿಲಿಗೆ ಬೀಗ ಹಾಕಿದ. ಮಾತಾಡದೆ ಇಲ್ಲಿಂದ ಹೊರಗೆ ಹೋಗುವ ಹಾಗಿಲ್ಲ ಅಂತ ಹೇಳಿ ಗಂಟಲಿಗೆ ಕರೆಂಟು ಕೊಟ್ಟ. ನಾಲ್ಕು ಗಂಟೆ ನಡೆಯಿತು. ಕೊನೆಗೆ ಆ ಹುಡುಗ ಮಾತಾಡಿದ. ಯೆಲ್ಯಾಂಡ್ ಇದನ್ನೆಲ್ಲ ಗೆಲುವಿನ ಕಥೆಯಾಗಿ 1918ರಲ್ಲಿ ಪುಸ್ತಕ ಮಾಡಿದ. ಮಾತು ಬಂದದ್ದು ನಿಜ. ಆದರೆ ಮಾತು ಯಾಕೆ ಹೋಗಿತ್ತು ಅಂತ ಆ ಕೋಣೆಯಲ್ಲಿ ಕೇಳಿದವರು ಯಾರು?

ಇನ್ನೊಬ್ಬ ಡಬ್ಲ್ಯು. ಎಚ್. ಆರ್. ರಿವರ್ಸ್. ಈತನ ಹೆಸರು ನಮ್ಮ ಕಡೆಯ ಕೆಲವರಿಗೆ ಬೇರೆ ಕಾರಣಕ್ಕೆ ಗೊತ್ತಿರುತ್ತದೆ. ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟ ಹತ್ತಿದರೆ ನೀಲಗಿರಿ. ಅಲ್ಲಿಯ ತೋಡರ ಮೇಲೆ 1906ರಲ್ಲಿ ದೊಡ್ಡ ಪುಸ್ತಕ ಬರೆದವನು ಇವನೇ! 1901-02ರಲ್ಲಿ ಅಲ್ಲಿದ್ದು, ಸುಮಾರು 800 ಜನರ ಆ ಸಮುದಾಯದ ವಂಶಾವಳಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕೇಳಿ ಕೇಳಿ ಬರೆದುಕೊಂಡಿದ್ದ. ಅವರ ಹಾಲಿನ ಗುಡಿಗಳ ಗುಟ್ಟು ಹೇಳಿದ ಕೆಲವರಿಗೆ ಆಮೇಲೆ ಕೇಡಾಯಿತಂತೆ. ಹೇಳಬಾರದ್ದನ್ನು ಹೇಳಿದ್ದಕ್ಕೇ ಹೀಗಾಯಿತು ಅಂತ ತೋಡರು ನಂಬಿದರು, ಬಾಯಿ ಬಿಡುವವರು ಕಡಿಮೆಯಾದರು. ಬಾಯಿಗೆ ಬಾರದ ಮಾತಿನ ತೂಕ ಏನು ಅನ್ನುವುದು ರಿವರ್ಸನಿಗೆ ಅಲ್ಲಿಯೇ ತಿಳಿದಿರಬೇಕು ಅಂತ ನನ್ನ ಊಹೆ.

ಯುದ್ಧಕಾಲದಲ್ಲಿ ರಿವರ್ಸ್ ಎಡಿನ್‌ಬರೋ ಹತ್ತಿರದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿದ್ದ. ಅಧಿಕಾರಿಗಳಿಗೆ ಮೀಸಲಾದ ಆಸ್ಪತ್ರೆ ಅದು. ಅಲ್ಲಿಗೆ ಬಂದವರಿಗೆ ಅದುವರೆಗೆ ಎಲ್ಲರೂ ಹೇಳಿದ್ದು ಒಂದೇ ಮಾತು, ಅದನ್ನೆಲ್ಲ ಮರೆತುಬಿಡಿ. ರಿವರ್ಸ್ ಇದಕ್ಕೆ ತದ್ವಿರುದ್ಧ. ಹಗಲೆಲ್ಲ ಮರೆಯಲು ಒದ್ದಾಡುವವನನ್ನೇ ರಾತ್ರಿಯ ಕನಸು ಹೆಚ್ಚು ಹಿಂಸಿಸುತ್ತದೆ ಅನ್ನುವುದನ್ನು ಆತ ಗಮನಿಸಿದ. ಒಬ್ಬ ಅಧಿಕಾರಿ ತನ್ನ ಗೆಳೆಯನ ದೇಹ ಚೂರುಚೂರಾಗಿ ಬಿದ್ದದ್ದನ್ನು ಕಂಡಿದ್ದ, ಪ್ರತಿ ರಾತ್ರಿ ಅದೇ ಕನಸು. ರಿವರ್ಸ್ ಅವನ ಜೊತೆ ಕೂತು ಒಂದು ವಿಷಯ ತೋರಿಸಿಕೊಟ್ಟ. ದೇಹ ಹಾಗೆ ಆಗಿದೆ ಅಂದರೆ ಗೆಳೆಯ ಕ್ಷಣದಲ್ಲಿ ಸತ್ತಿದ್ದಾನೆ, ನರಳಲಿಲ್ಲ. ಅಲ್ಲಿಂದ ಕನಸು ಬದಲಾಯಿತು. ಗೆಳೆಯ ಕನಸಿನಲ್ಲಿ ಬಂದ, ಇವನು ಅವನ ಜೊತೆ ಮಾತಾಡಿದ. ಎದ್ದಾಗ ಇದ್ದದ್ದು ದುಃಖ, ಭೀತಿಯಲ್ಲ.

ರಿವರ್ಸ್ ತನ್ನ ಸೋಲನ್ನೂ ಬರೆದಿಟ್ಟಿದ್ದಾನೆ. ಶೆಲ್ ಸಿಡಿತಕ್ಕೆ ಹಾರಿ ಒಂದು ಕೊಳೆತ ಹೆಣದ ಮೇಲೆ ಮುಖವಡಿಯಾಗಿ ಬಿದ್ದವನೊಬ್ಬನಿದ್ದ. ಆ ನೆನಪಿನಲ್ಲಿ ಸಮಾಧಾನಕ್ಕೆ ಹಿಡಿದುಕೊಳ್ಳುವಂಥದ್ದು ಒಂದೂ ಸಿಗಲಿಲ್ಲ. ಸೈನ್ಯ ಬಿಟ್ಟು ಹಳ್ಳಿಯ ಕಡೆ ಹೋಗಿರು ಅನ್ನುವುದೇ ಅವನಿಗೆ ಸಿಕ್ಕ ಸಲಹೆ.

ಇದರಲ್ಲೊಂದು ಕ್ರೂರ ತಿರುವಿದೆ. ಯೆಲ್ಯಾಂಡನ ಕರೆಂಟಿರಲಿ, ರಿವರ್ಸನ ಮಾತಿರಲಿ, ಸೈನ್ಯದ ಲೆಕ್ಕದಲ್ಲಿ ವಾಸಿಯಾಗುವುದು ಅಂದರೆ ಮತ್ತೆ ಯುದ್ಧಕ್ಕೆ ಹೋಗಲು ತಯಾರಾಗುವುದು. 1917ರಲ್ಲಿ ಕ್ರೇಗ್‌ಲಾಕ್‌ಹಾರ್ಟ್‌ನಲ್ಲಿದ್ದ ಇಬ್ಬರು ಕವಿಗಳು, ಸೀಗ್‌ಫ್ರೀಡ್ ಸಸೂನ್ ಮತ್ತು ವಿಲ್ಫ್ರೆಡ್ ಓವೆನ್, ಇಬ್ಬರೂ ಮರಳಿ ಹೋದರು. ಸಸೂನ್ ಬದುಕಿ ಬಂದ. ಓವೆನ್ 1918ರ ನವೆಂಬರ್ 4ರಂದು ಸತ್ತ, ಯುದ್ಧ ನಿಲ್ಲಲು ಒಂದು ವಾರ ಇರುವಾಗ. ಇನ್ನೊಂದು ಸಂಗತಿ, ಕೂತು ಕೇಳುವ ರಿವರ್ಸ್ ಸಿಕ್ಕಿದ್ದು ಅಧಿಕಾರಿಗಳಿಗೆ. ಹ್ಯಾರಿ ಫಾರ್‌ನಂಥ ಸಾಮಾನ್ಯ ಸಿಪಾಯಿಗಳಿಗೆ ಆ ಭಾಗ್ಯ ಇರಲಿಲ್ಲ.

*

ಆ ಯುದ್ಧದಲ್ಲಿ ನಮ್ಮವರೂ ಇದ್ದರಲ್ಲ. ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಹೋದರು, ಸುಮಾರು 74,000 ಜನ ಸತ್ತರು. ಫ್ರಾನ್ಸಿನ ಚಳಿಯಲ್ಲಿ ಗಾಯಗೊಂಡ ಭಾರತೀಯರನ್ನು ಇಂಗ್ಲೆಂಡಿನ ಬ್ರೈಟನ್ ಊರಿಗೆ ತಂದರು. ಅವರ ಮೇಲೆ ಒಂದು ಗುಮಾನಿ ಹುಟ್ಟಿತು. ಯುದ್ಧ ತಪ್ಪಿಸಿಕೊಳ್ಳಲು ತಮ್ಮ ಕೈಗೆ ತಾವೇ ಗುಂಡು ಹೊಡೆದುಕೊಳ್ಳುತ್ತಿದ್ದಾರೆ ಅಂತ. ಅಲ್ಲಿಯ ಕಿಚನರ್ ಇಂಡಿಯನ್ ಆಸ್ಪತ್ರೆಯ ಕರ್ನಲ್ ಬ್ರೂಸ್ ಸೀಟನ್ 1915ರಲ್ಲಿ 1,000 ಗಾಯಗಳನ್ನು ಪರಿಶೀಲಿಸಿ ಆ ಗುಮಾನಿಗೆ ಆಧಾರವಿಲ್ಲ ಅಂತ ವರದಿ ಕೊಟ್ಟ. ಮತ್ತದೇ ಪ್ರಶ್ನೆ ನೋಡಿ, ನಿಜವೋ ನಾಟಕವೋ!

ಆ ಸಿಪಾಯಿಗಳು ಊರಿಗೆ ಬರೆಸಿದ ಪತ್ರಗಳನ್ನು ಸೆನ್ಸಾರ್ ಓದುತ್ತಿತ್ತು. ಹಾಗಾಗಿ ಒಗಟಿನಲ್ಲಿ ಬರೆಯುತ್ತಿದ್ದರು. ಕರಿಮೆಣಸು ಅಂದರೆ ಭಾರತೀಯ ಸಿಪಾಯಿ, ಕೆಂಪು ಮೆಣಸು ಅಂದರೆ ಬಿಳಿಯ ಸಿಪಾಯಿ. ಕರಿಮೆಣಸು ಮುಗಿಯುತ್ತಾ ಬಂತು ಅಂತ ಬರೆದರೆ ಊರಿನವರಿಗೆ ಅರ್ಥವಾಗಬೇಕು. ಭಯವನ್ನು ಕೂಡ ಹೀಗೆ ಬಚ್ಚಿಟ್ಟು ಹೇಳಬೇಕಾಗಿತ್ತು.

ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಹೈಫಾ ಕಾಳಗದಲ್ಲಿ ಜೋಧಪುರದವರ ಜೊತೆ ಗೆದ್ದದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕವಿದೆ. ಆದರೆ ಆ ಸವಾರರು ಊರಿಗೆ ಬಂದ ಮೇಲೆ ರಾತ್ರಿ ಹೇಗೆ ಮಲಗಿದರು? ಅದನ್ನು ಕಲ್ಲಿನಲ್ಲಿ ಕೆತ್ತುವ ರೂಢಿ ಯಾವ ದೇಶದಲ್ಲೂ ಇಲ್ಲ.

*

ಯುದ್ಧ ಮುಗಿದ ಮೇಲೆ ಜಗತ್ತು ಇದನ್ನೆಲ್ಲ ಮರೆಯಿತು. ಎರಡನೇ ಮಹಾಯುದ್ಧದಲ್ಲಿ ಮತ್ತೆ ಮೊದಲಿನಿಂದ ಶುರು. 1943ರ ಆಗಸ್ಟ್‌ನಲ್ಲಿ ಸಿಸಿಲಿಯಲ್ಲಿ ಅಮೆರಿಕದ ಜನರಲ್ ಪ್ಯಾಟನ್ ಆಸ್ಪತ್ರೆಯಲ್ಲಿದ್ದ ಇಬ್ಬರು ಸೈನಿಕರಿಗೆ ಹೇಡಿಗಳು ಅಂತ ಕಪಾಳಕ್ಕೆ ಹೊಡೆದ. ಒಂದು ವ್ಯತ್ಯಾಸ ಏನೆಂದರೆ ಈ ಸಲ ಕ್ಷಮೆ ಕೇಳಬೇಕಾಗಿ ಬಂದದ್ದು ಜನರಲ್‌ಗೆ.

ನಿಜವಾದ ಬದಲಾವಣೆ ಬಂದದ್ದು ವಿಯೆಟ್ನಾಂ ನಂತರ. ಸೋತ, ಜನರಿಗೂ ಬೇಡವಾದ ಯುದ್ಧದಿಂದ ಬಂದ ಹುಡುಗರು 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಗುಂಪು ಗುಂಪಾಗಿ ಕೂತು ತಮ್ಮತಮ್ಮಲ್ಲೇ ಮಾತಾಡತೊಡಗಿದರು. ಕಂಡದ್ದನ್ನು ಹೇಳಿಕೊಂಡರು, ತಾವು ಮಾಡಿದ್ದನ್ನೂ ಹೇಳಿಕೊಂಡರು. ಚೈಮ್ ಶಾಟನ್, ರಾಬರ್ಟ್ ಜೇ ಲಿಫ್ಟನ್ ಎಂಬ ಇಬ್ಬರು ಮನೋವೈದ್ಯರು ಅವರ ಜೊತೆ ಕೂತರು. ಅದೇ ಹೊತ್ತಿಗೆ, 1974ರಲ್ಲಿ, ಬಾಸ್ಟನ್ನಿನಲ್ಲಿ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಮ್ ಅತ್ಯಾಚಾರಕ್ಕೆ ಒಳಗಾದ ಹೆಂಗಸರ ಬಗ್ಗೆ ಬರೆದರು. ಅದೇ ಬೆಚ್ಚುವಿಕೆ, ಅದೇ ದುಃಸ್ವಪ್ನ. ನಾಜಿ ಶಿಬಿರಗಳಿಂದ ಬದುಕಿ ಬಂದವರಲ್ಲೂ ಅದೇ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ ಪಿಟಿಎಸ್‌ಡಿ ಎಂಬ ಹೆಸರನ್ನು ಸೇರಿಸಿತು. ಕಾರಣ ಮನುಷ್ಯನ ದುರ್ಬಲ ಸ್ವಭಾವವಲ್ಲ, ಅವನ ಮೇಲೆ ಬಂದೆರಗಿದ ಘಟನೆ ಅಂತ ಒಪ್ಪಿಕೊಂಡದ್ದೇ ದೊಡ್ಡ ಹೆಜ್ಜೆ. ಆಮೇಲೆ ನಡೆದ ರಾಷ್ಟ್ರೀಯ ಅಧ್ಯಯನದಲ್ಲಿ, ವಿಯೆಟ್ನಾಂಗೆ ಹೋಗಿ ಬಂದ ಗಂಡಸರಲ್ಲಿ ನೂರಕ್ಕೆ 15 ಮಂದಿಗೆ ಆಗಲೂ ಈ ಕಾಯಿಲೆ ಇದ್ದದ್ದು ಕಂಡಿತು. ಯುದ್ಧ ಮುಗಿದು ಹತ್ತು ವರ್ಷ ಕಳೆದಿತ್ತು.

*

ನಮ್ಮಲ್ಲಿ? 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಮಕ್ಕಳು. ಸತ್ತವರ ಮನೆಯವರನ್ನು ನಿಮ್ಹಾನ್ಸ್ ವೈದ್ಯರು ಮಾತಾಡಿಸಿ ಅವರ ದುಃಖದ ಬಗ್ಗೆ ಅಧ್ಯಯನ ಮಾಡಿದರು. ದುರಂತ ಅಂದರೆ ಹೆಣಗಳ ಲೆಕ್ಕ ಮಾತ್ರ ಅಂದುಕೊಂಡಿದ್ದ ಕಾಲದಲ್ಲಿ ಉಳಿದವರ ಮನಸ್ಸನ್ನು ವಿಚಾರಿಸಿದ್ದು ಸಣ್ಣ ಮಾತಲ್ಲ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿತು. ಮೊದಲ ದಿನಗಳಲ್ಲಿ ಎಲ್ಲರ ಗಮನ ಕಣ್ಣು ಮತ್ತು ಶ್ವಾಸಕೋಶದ ಕಡೆ. ಭಯ, ನಿದ್ರೆ ಇಲ್ಲದಿರುವಿಕೆ, ಬದುಕಿ ಉಳಿದ ತಪ್ಪಿತಸ್ಥ ಭಾವ, ಇವನ್ನು ನೋಡುವವರು ಇರಲಿಲ್ಲ. ನಿಮ್ಹಾನ್ಸಿನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಇತರರು ಅಲ್ಲಿ ಕೆಲಸ ಮಾಡಿದರು. ಅಷ್ಟು ಜನಕ್ಕೆ ಮನೋವೈದ್ಯರನ್ನು ಎಲ್ಲಿಂದ ತರುವುದು? 1985ರಲ್ಲಿ ಅಲ್ಲಿಯ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು. ಮುಂದೆ ಭೂಕಂಪ, ಸುನಾಮಿ ಬಂದಾಗಲೆಲ್ಲ ನಮ್ಮ ದೇಶದಲ್ಲಿ ಬಳಸಿದ್ದು ಈ ದಾರಿಯನ್ನೇ. ದೇಶ ವಿಭಜನೆಯ ಗಾಯಕ್ಕೆ ಮಾತ್ರ ಬಹಳ ಕಾಲ ಕಾಯಬೇಕಾಯಿತು. ಅದರ ಮಾನಸಿಕ ಪರಿಣಾಮದ ಬಗ್ಗೆ ನಿಮ್ಹಾನ್ಸಿನ ಸಂಜೀವ್ ಜೈನ್, ದೆಹಲಿಯ ಅಲೋಕ್ ಸರೀನ್ ಸಂಪಾದಿಸಿದ ಪುಸ್ತಕ ಹೊರಬಂದದ್ದು 2018ರಲ್ಲಿ, ಘಟನೆ ನಡೆದು 71 ವರ್ಷಕ್ಕೆ.

*

ಕಾಯಿಲೆ ಒಳಗೆ ಏನು ಮಾಡುತ್ತದೆ ಅನ್ನುವುದನ್ನು ಸರಳವಾಗಿ ಹೇಳುವುದಾದರೆ, ಸಾಮಾನ್ಯ ನೆನಪು ಹಳೆಯದಾಗುತ್ತದೆ, ಈ ನೆನಪು ಹಳೆಯದಾಗುವುದಿಲ್ಲ. ಪಟಾಕಿಯ ಸದ್ದು, ಸೀಮೆಎಣ್ಣೆ ವಾಸನೆ, ಯಾವುದೋ ಒಂದು ದನಿ ಸಾಕು, ಆ ದಿನ ಇವತ್ತೇ ನಡೆಯುತ್ತಿದೆ ಅನ್ನಿಸುತ್ತದೆ. ಮಿದುಳಿನ ಅಪಾಯದ ಗಂಟೆ ಬಾರಿಸುತ್ತಲೇ ಇರುತ್ತದೆ. ಆದ್ದರಿಂದ ಮನುಷ್ಯ ಆ ಜಾಗ, ಆ ಮಾತು, ಆ ಜನ ಎಲ್ಲವನ್ನೂ ತಪ್ಪಿಸುತ್ತಾನೆ. ನಿದ್ದೆ ಕೆಡುತ್ತದೆ, ಸಿಟ್ಟು ಬರುತ್ತದೆ, ತಪ್ಪೆಲ್ಲ ನನ್ನದೇ ಅನ್ನಿಸುತ್ತದೆ, ಹತ್ತಿರದವರೂ ದೂರವಾಗುತ್ತಾರೆ. ಆಘಾತವಾದ ಮೊದಲ ವಾರಗಳಲ್ಲಿ ಇವು ಯಾರಿಗಾದರೂ ಆಗಬಹುದು, ಬಹಳ ಜನರಿಗೆ ತಾನಾಗಿ ಇಳಿಯುತ್ತದೆ. ತಿಂಗಳು ಮೀರಿಯೂ ಇಳಿಯದೆ ಬದುಕನ್ನೇ ಕೆಡಿಸಿದರೆ ಅದು ಕಾಯಿಲೆ.

ತಪ್ಪಿಸಿಕೊಳ್ಳುವುದರಿಂದ ಆ ಕ್ಷಣಕ್ಕೆ ನೆಮ್ಮದಿ ಸಿಕ್ಕರೂ ಕಾಯಿಲೆ ಬೇರು ಬಿಡುವುದು ಅದರಿಂದಲೇ. ರಿವರ್ಸ್ 1917ರಲ್ಲಿ ಕಂಡದ್ದನ್ನು ಈಗ ಪ್ರಯೋಗಗಳು ಗಟ್ಟಿ ಮಾಡಿವೆ. ಎಡ್ನಾ ಫೋವಾ ರೂಪಿಸಿದ ಚಿಕಿತ್ಸೆಯಲ್ಲಿ, ರೋಗಿ ಸುರಕ್ಷಿತ ಜಾಗದಲ್ಲಿ ವೈದ್ಯರ ಜೊತೆ ಕೂತು ಆ ನೆನಪನ್ನು ಮತ್ತೆ ಮತ್ತೆ ಹೇಳುತ್ತಾನೆ, ನೆನಪು ನೆನಪಾಗಿಯೇ ಉಳಿಯುವವರೆಗೆ. ಪೆಟ್ರೀಶಿಯಾ ರೆಸಿಕ್ ಅವರ ಪದ್ಧತಿಯಲ್ಲಿ, ತಪ್ಪು ನನ್ನದೇ ಎಂಬಂಥ ಬೇರೂರಿದ ನಂಬಿಕೆಗಳನ್ನು ಒಂದೊಂದಾಗಿ ಕೆದಕಿ ನೋಡುತ್ತಾರೆ. ಫ್ರಾನ್ಸಿನ್ ಶಪಿರೊ 1989ರಲ್ಲಿ ಪ್ರಕಟಿಸಿದ ಇಎಂಡಿಆರ್ ಕೂಡ ಬಳಕೆಯಲ್ಲಿದೆ, ಅದರಲ್ಲಿ ನೆನಪಿನ ಜೊತೆ ಕಣ್ಣಿನ ಚಲನೆಯೂ ಸೇರುತ್ತದೆ. ಎಂಟರಿಂದ ಹದಿನಾರು ಭೇಟಿಗಳಲ್ಲಿ ಬಹಳ ಜನರಿಗೆ ಗುಣ ಕಾಣುತ್ತದೆ. ಸರ್ಟ್ರಾಲಿನ್‌ನಂಥ ಮಾತ್ರೆಗಳೂ ಕೆಲವರಿಗೆ ನೆರವಾಗುತ್ತವೆ, ವೈದ್ಯರು ಹೇಳಿದಂತೆ ತೆಗೆದುಕೊಂಡರೆ.

ಒಂದು ಎಚ್ಚರಿಕೆ. ಮಾತಾಡಿದರೆ ಒಳ್ಳೆಯದು ಅಂತ ದುರಂತ ನಡೆದ ಮಾರನೆಯ ದಿನವೇ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿಯೊಂದಿತ್ತು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ತೊಂದರೆಯೂ ಆಗಬಹುದು ಅಂತ ಆಮೇಲೆ ತಿಳಿಯಿತು. ಆಗ ಬೇಕಾದದ್ದು ಊಟ, ಸೂರು, ತನ್ನವರ ಸುದ್ದಿ, ಪಕ್ಕದಲ್ಲಿ ಒಬ್ಬರು. ಕೇಳುವುದಕ್ಕೂ ಒಂದು ಹೊತ್ತಿದೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಇಟ್ಟ ಹೆಸರುಗಳನ್ನು ನೆನಪಿಸಿಕೊಳ್ಳಿ. ಬೆಚ್ಚಿಬಿದ್ದಿದ್ದಾನೆ, ಗಾಳಿ ಸೋಕಿದೆ, ಮೆಟ್ಟಿಕೊಂಡಿದೆ. ಇವುಗಳಲ್ಲಿ ಒಂದು ಒಳ್ಳೆಯ ಗುಣವಿದೆ, ತಪ್ಪು ಅವನದಲ್ಲ, ಹೊರಗಿನಿಂದ ಏನೋ ಬಂತು ಅನ್ನುವ ಭಾವ. ತಾಯತ ಕಟ್ಟಿದರೂ ಹೇಡಿ ಅನ್ನಲಿಲ್ಲ. ಪೇಟೆಗೆ ಬಂದು ನಾವು ಕಲಿತ ಮಾತುಗಳೇ ಹೆಚ್ಚು ಒರಟು... ನಾಟಕ ಮಾಡ್ತಾನೆ, ಗಂಡಸಲ್ವಾ ನೀನು, ಎಷ್ಟು ದಿನ ಅಂತ ಅದನ್ನೇ ಹಿಡ್ಕೊಂಡು ಕೂರ್ತೀಯಾ! ಹ್ಯಾರಿ ಫಾರ್‌ಗೆ ಗುಂಡು ಹೊಡೆಸಿದ ಮಾತುಗಳೂ ಇವೇ ಅಲ್ಲವೇ?

ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಅಪಘಾತದ ನಂತರ ಗಾಡಿ ಮುಟ್ಟದ ಅಣ್ಣ, ಪ್ರವಾಹದ ನಂತರ ಮಳೆ ಬಂದರೆ ಮಲಗದ ಅಜ್ಜಿ, ಏನೋ ಆಗಿದೆ ಆದರೆ ಹೇಳದ ತಂಗಿ. ಬಲವಂತ ಮಾಡಬೇಡಿ. ಇದಕ್ಕೆ ಹೆಸರಿದೆ, ಚಿಕಿತ್ಸೆಯಿದೆ ಅಂತ ಒಂದು ಮಾತು ಹೇಳಿ. ನಿಮ್ಹಾನ್ಸ್ ದೂರವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಅಜ್ಜನೋ ಮುತ್ತಜ್ಜನೋ ಯುದ್ಧಕ್ಕೆ ಹೋಗಿ ಬಂದವರಾಗಿದ್ದರೆ, ಅವರು ಗೆದ್ದ ಕಥೆಯ ಜೊತೆ ಮಲಗದ ರಾತ್ರಿಗಳ ಕಥೆಯೂ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ, ಬರೆದಿಡಿ. ಅದೂ ನಮ್ಮ ಚರಿತ್ರೆಯೇ.